ತಾಯಂದಿರ ಸಭೆಗೆ ಬಂದ ಅಪ್ಪ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ನಮ್ಮ ಓಣಿಯ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ಮಗನ ತೂಕ ಮಾಡಿಸಲು ಉಳಿದ ತಾಯಂದಿರ ಜೊತೆ ನಾನೂ ಹೋಗಿದ್ದೆ. ನನ್ನ ಮುಂದೆ ಕುರಿ ಕಾಯುವ ಮಲ್ಲಪ್ಪ, ಎರಡು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

ಮೇಲಿನ ಕಚೇರಿಯಿಂದ ಬಂದಿದ್ದ ಮೇಡಂ ಅವನನ್ನು ನೋಡಿದ್ದೇ, "ಕೂಸಿನ ತಾಯಿ ಎಲ್ಲಿ?" ಎಂದರು.

"ಗಬ್ಬೂರ ಕಡೆ ಹತ್ತಿ ಬಿಡಸಾಕ ಹೋಗ್ಯಾಳ್ರಿ. ಅಕಿ ಹೋದ ದಿನ ಕೂಸಿಗೆ ಉಣಸಾದು, ಮಲಗಸಾದು ಎಲ್ಲಾ ನಾನೇರಿ. ನಿನ್ನಿಯಿಂದ ಉಂಡಿದ್ದೆಲ್ಲ ಕಕ್ಕಾಕತ್ಯಾಳ, ಏನ್ ಕೊಡಬೇಕ್ರಿ?"

"ಅದನ್ನ ತಾಯಿಗೆ ಹೇಳ್ತೀವಿ. ಅಕಿನ್ನ ಕಳಸು."

ನನಗೆ ತಡೆಯಲಾಗಲಿಲ್ಲ. "ಕೂಸು ಇಲ್ಲೇ ಅದ, ಸಾಕೋ ಅಪ್ಪನೂ ಇಲ್ಲೇ ಅದಾನ. ಈಗ ಹೇಳಿದ್ರ ಏನಾಗ್ತದ್ರಿ ಮೇಡಂ?"

"ಇದು ತಾಯಂದಿರ ಸಭೆರಿ. ನಿಮ್ಮ ಪಾಳಿ ಬರೋತನಕ ಸುಮ್ನ ನಿಂದರ್ರಿ."

ಮಲ್ಲಪ್ಪ ಮಗಳ ಬಾಯಿಯನ್ನು ತನ್ನ ಟವೆಲ್ಲಿನಿಂದ ಒರೆಸಿ, ದವಾಖಾನೆಯ ದಾರಿ ಹಿಡಿದ.

ಆಮೇಲೆ ಮೇಡಂ ಒಂದು ತಾಸು ಭಾಷಣ ಮಾಡಿದರು. ಈ ಕಡೆಯ ಗಂಡಸರು ಮಕ್ಕಳ ಜವಾಬ್ದಾರಿಯನ್ನೇ ಹೊರುವುದಿಲ್ಲವಂತೆ. ಕೇಳಿಸಿಕೊಳ್ಳಲು ಅಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಇದ್ದೊಬ್ಬನನ್ನು ಅವರೇ ಹೊರಗೆ ಕಳಿಸಿದ್ದರು.