ಮಧ್ಯಾಹ್ನ ಒಂದಕ್ಕೆ ನಿಲ್ಲುತ್ತಿದ್ದ ವೈಫೈ

ಉತ್ತರಹಳ್ಳಿಯ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ನನ್ನ ಮಗಳಿಗೆ ಆರು ತಿಂಗಳು. ನನ್ನದು ವಿಮೆ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ಹೆರಿಗೆ ರಜೆ ಮುಗಿದಿತ್ತು. ಮನೆಯಿಂದಲೇ ಮಾಡುತ್ತೇನೆ ಎಂದು ಕೇಳಿಕೊಂಡಾಗ ಮ್ಯಾನೇಜರ್ ಮೇಡಂ, ಒಂದು ತಿಂಗಳು ನೋಡೋಣ ಅಂದಿದ್ದರು. ಸರಿಹೋಗದಿದ್ದರೆ ದಿನಾ ಆಫೀಸಿಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಮಗುವನ್ನು ಅಷ್ಟು ಹೊತ್ತು ಬಿಟ್ಟಿರುವ ಧೈರ್ಯ ನನಗಿರಲಿಲ್ಲ, ಕೆಲಸ ಬಿಡುವ ಮನಸ್ಸಂತೂ ಇರಲೇ ಇಲ್ಲ.

ಕೆಳಗೆ ಓನರ್ ಆಂಟಿ ಇದ್ದರು. ಈಗಿನ ಲೇಔಟ್ ಇರುವ ಕಡೆ ಒಂದು ಕಾಲಕ್ಕೆ ಅವರದೇ ತೋಟವಿತ್ತಂತೆ, ಹೂಕೋಸು, ಸೇವಂತಿಗೆ ಬೆಳೆಯುತ್ತಿದ್ದರಂತೆ. ಮೊಬೈಲಿನಲ್ಲಿ ಅಡುಗೆ ವಿಡಿಯೋ ನೋಡಿ ಬೈಯುವುದು ಅವರ ಹವ್ಯಾಸ. ಅದಕ್ಕಾಗಿಯೇ ಇಂಟರ್ನೆಟ್ ಹಾಕಿಸಿದ್ದರು. ನಾನು ಬೇರೆ ಕನೆಕ್ಷನ್ ತೆಗೆದುಕೊಳ್ಳುತ್ತೇನೆ ಅಂದಿದ್ದಕ್ಕೆ ಅವರಿಗೆ ಸಿಟ್ಟೇ ಬಂತು.

"ಒಂದೇ ಬೋರ್‌ವೆಲ್ ನೀರು ಎಲ್ರೂ ಕುಡೀತಿಲ್ವೇನವ್ವ? ಇದಕ್ಕೇನ್ ಎರಡು? ನಂದ್ರಲ್ಲೇ ತಗೊ."

ಸರಿ ಅಂದೆ. ಅವರ ಹಾಲ್‌ನಲ್ಲಿದ್ದ ರೂಟರನ್ನು ಮೆಟ್ಟಿಲ ಪಕ್ಕದ ಕಿಟಕಿಯ ಹತ್ತಿರಕ್ಕೆ ಸರಿಸಿದೆ. ಸಿಗ್ನಲ್ಲನ್ನು ಮೇಲಕ್ಕೆ ಎಳೆದುಕೊಳ್ಳಲು ನಮ್ಮಲ್ಲಿ ಒಂದು ಎಕ್ಸ್‌ಟೆಂಡರ್ ಇಡಬೇಕಿತ್ತು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನ್, ಸಿಗ್ನಲ್ಲಿನ ಕಡ್ಡಿ ಎಣಿಸಿಕೊಂಡು ಮನೆಯೆಲ್ಲ ಸುತ್ತಿದೆ. ಕೊನೆಗೆ ಫ್ರಿಜ್ಜಿನ ಮೇಲೆ ಸಿಗ್ನಲ್ ಪೂರ್ತಿ ಸಿಕ್ಕಿ, ಎಕ್ಸ್‌ಟೆಂಡರ್ ಅಲ್ಲೇ ಕೂತಿತು. ಆಂಟಿ ಕೆಳಗೆ ರೂಟರಿನ ಮುಂದೆ ನಿಂತು, "ಹಸಿರು ದೀಪ ಬಂತು ಕಣವ್ವ" ಎಂದು ಕೂಗಿ ಹೇಳುತ್ತಿದ್ದರು. ಅವತ್ತು ನನಗೆ ನನ್ನ ಮೇಲೇ ಭಾರಿ ಹೆಮ್ಮೆ.

ಹೆಮ್ಮೆ ಎರಡು ವಾರ ಬಾಳಿತು. ಮೂರನೇ ವಾರದಿಂದ ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ ಇಂಟರ್ನೆಟ್ ಮಾಯವಾಗತೊಡಗಿತು. ಎರಡಕ್ಕೆ ಏನೂ ಆಗಿಲ್ಲವೆಂಬಂತೆ ವಾಪಸ್ಸು. ಕರೆಂಟ್ ಇರುತ್ತಿತ್ತು, ಫ್ಯಾನ್ ತಿರುಗುತ್ತಿತ್ತು. ಮನೆಯ ಹಿಂದೆ ಅಪಾರ್ಟ್‌ಮೆಂಟ್ ಎದ್ದಿದ್ದರಿಂದ ಒಳಗೆ ಮೊಬೈಲ್ ಡೇಟಾಕ್ಕೂ ಜೀವವಿರಲಿಲ್ಲ. ಇಂಟರ್ನೆಟ್ ಕಂಪನಿಗೆ ಕಂಪ್ಲೇಂಟ್ ಕೊಟ್ಟರೆ ರೀಸ್ಟಾರ್ಟ್ ಮಾಡಿ ಅಂದರು. ಎಕ್ಸ್‌ಟೆಂಡರನ್ನೇ ಬದಲಾಯಿಸಿದೆ. ಆ ಹೊತ್ತಿಗೆ ಕೆಳಗೆ ಬಾಗಿಲು ಹಾಕಿರುತ್ತಿದ್ದರಿಂದ ಆಂಟಿ ಮಲಗಿರುತ್ತಾರೆ, ಎಬ್ಬಿಸುವುದು ಬೇಡ ಎಂದು ಸುಮ್ಮನಿರುತ್ತಿದ್ದೆ. ಸಿಟ್ಟೆಲ್ಲ ಫ್ರಿಜ್ಜಿನ ಮೇಲಿದ್ದ ಆ ಡಬ್ಬಿಯ ಮೇಲೆ. ಒಂದು ದಿನ ಅದಕ್ಕೆ ಹೊಡೆದೂಬಿಟ್ಟೆ.

ತಿಂಗಳು ಮುಗಿಯುವ ದಿನ ಮೇಡಂ ಹನ್ನೆರಡೂಮುಕ್ಕಾಲಿಗೆ ವಿಡಿಯೋ ಕಾಲಿನಲ್ಲಿ ಮಾತಿಗೆ ಕರೆದರು. ನನ್ನ ಲೆಕ್ಕದಲ್ಲಿ ಅದು ಹತ್ತು ನಿಮಿಷದ ಮಾತು. ಅವರು ನಿಧಾನವಾಗಿ ಶುರುಮಾಡಿದರು. "ಕೆಲ್ಸ ಚೆನ್ನಾಗಿದೆ, ಆದ್ರೆ ಮಧ್ಯಾಹ್ನ ನೀವು ಸಿಗೋದೇ ಇಲ್ಲ" ಅನ್ನುವಷ್ಟರಲ್ಲಿ ಒಂದು ಹೊಡೆಯಿತು. ಅವರ ಮುಖ ಹಾಗೇ ಪರದೆಯ ಮೇಲೆ ನಿಂತುಬಿಟ್ಟಿತು.

ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಕೆಳಗೆ ಓಡಿ ಬಾಗಿಲು ಬಡಿದೆ. ಆಂಟಿ ತೆರೆದರು. ರೂಟರಿನ ಸ್ವಿಚ್ ಆಫ್ ಆಗಿತ್ತು. ಅದರ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಟೇಬಲ್ ಫ್ಯಾನು ಗರಗರ ತಿರುಗುತ್ತಿತ್ತು.

"ಬಿಸಿ ಆಗೋಗಿತ್ತು ಕಣವ್ವ. ಮುಟ್ ನೋಡು. ತ್ವಾಟದ ಮೋಟ್ರೂ ಅಷ್ಟೇ, ಬಿಡ್ದೆ ಓಡ್ಸಿದ್ರೆ ಸುಟ್ಟೋಯ್ತಿತ್ತು. ದಿನಾ ಒಂದ್ ಗಂಟೆ ಆರುಸ್ತೀನಿ. ಇದು ಸುಟ್ಟೋದ್ರೆ ನಿನ್ ಕೆಲ್ಸದ ಗತಿ ಏನು?"

"ನನ್ನ ಕೆಲ್ಸ ಹೋಗ್ತಿರೋದೇ ನಿಮ್ಮಿಂದ ಆಂಟಿ" ಅಂದುಬಿಟ್ಟೆ. ಸ್ವಿಚ್ ಹಾಕಿ, ಅವರ ಮುಖ ಕೂಡ ನೋಡದೆ ಮೇಲೆ ಓಡಿದೆ.

ಮೇಡಂ ಕಾದಿದ್ದರು. ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ, ನಡೆದದ್ದನ್ನೇ ಹೇಳಿದೆ. ಅವರು ನಕ್ಕುಬಿಟ್ಟರು. ಅವರ ಅಜ್ಜ ಕನಕಪುರದ ತೋಟದಲ್ಲಿ ಮೋಟರಿಗೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರಂತೆ. ಮನೆಯಿಂದಲೇ ಮುಂದುವರಿಸಿ ಅಂದರು.

ಮೂರು ಗಂಟೆಯೊಳಗೆ ಬಾಕಿ ಕೆಲಸ ಮುಗಿಸಿದೆ. ಮಗು ಮಲಗಿ ಎದ್ದಿತು. ಆಮೇಲೆ ಅದನ್ನು ಎತ್ತಿಕೊಂಡು ನಾಚಿಕೆಯಿಂದ ಕೆಳಗೆ ಇಳಿದೆ. ಆಂಟಿ ಫ್ಯಾನನ್ನು ಎತ್ತಿಟ್ಟು ಕೂತಿದ್ದರು. ತಪ್ಪಾಯಿತು ಅಂದೆ. ಈ ರೂಟರ್ ಬೆಚ್ಚಗಿದ್ದರೂ ಏನೂ ಆಗುವುದಿಲ್ಲ, ವರ್ಷವಿಡೀ ನಿಲ್ಲಿಸದೆ ಓಡಿಸಬಹುದು, ಇದಕ್ಕೆ ರೆಸ್ಟ್ ಬೇಡ ಎಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದಕ್ಕೆ ಬ್ಯಾಡ, ಸರಿ ಬಿಡು. ನಿಂಗೂ ಬ್ಯಾಡ್ವಾ? ಬೆಳಿಗ್ಗೆಯಿಂದ ಮೇಲೆ ಕುರ್ಚಿ ಸದ್ದು ಬಿಟ್ರೆ ಇನ್ನೊಂದಿಲ್ಲ. ಇದನ್ನ ಆರ್ಸಿದ್ ಮೇಲೇನೇ ನೀನು ತಟ್ಟೆ ತೆಗೆಯೋ ಸದ್ದು ಕೇಳ್ತಿದ್ದದ್ದು. ಇವತ್ತು ಅದೂ ಕೇಳ್ಳಿಲ್ಲ. ಉಂಡ್ಯಾ?"

ಇಲ್ಲ ಎಂದು ತಲೆಯಾಡಿಸಿದೆ. ಆಂಟಿ ಮಗುವನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಅಡುಗೆಮನೆಯತ್ತ ಕೈ ತೋರಿಸಿದರು. ಪಾತ್ರೆಯಲ್ಲಿ ಮುದ್ದೆ ಇನ್ನೂ ಬೆಚ್ಚಗಿತ್ತು, ಸೊಪ್ಪಿನ ಸಾರಿತ್ತು. ಹಾಕಿಕೊಂಡು ನೆಲದ ಮೇಲೆ ಕೂತೆ. ಈ ಆರೇಳು ತಿಂಗಳಲ್ಲಿ ಮನೆಗೆ ಬಂದವರು, ಫೋನ್ ಮಾಡಿದವರು ಎಲ್ಲರೂ ಮಗು ಹಾಲು ಕುಡಿಯಿತಾ ಎಂದು ಕೇಳಿದ್ದರು. ನಾನು ಉಂಡೆನಾ ಎಂದು ಕೇಳಿದವರು ಇವರೊಬ್ಬರೇ.