ಡ್ರೈವರ್ ಪೂವಪ್ಪ ನೇಯ್ದ ಸೀರೆ

ಜೆಪ್ಪುವಿನ ಪೂವಪ್ಪ ಮೂವತ್ತೆರಡು ವರ್ಷ ಮಂಗಳೂರು ಪೇಟೆಯ ಹಂಪನಕಟ್ಟೆಗೆ ಸಿಟಿ ಬಸ್ಸು ಓಡಿಸಿದವ. ಅರುವತ್ತಕ್ಕೆ ಕೆಲಸ ಬಿಟ್ಟ. ಕೈ ಸ್ಟೇರಿಂಗ್ ಬಿಟ್ಟಿತು, ಕಾಲು ಮಾತ್ರ ಕ್ಲಚ್ ಬಿಡಲಿಲ್ಲ. ಊಟಕ್ಕೆ ಕೂತರೂ ಎಡಗಾಲು ನೆಲ ಒತ್ತುತ್ತಾ ಇರುತ್ತದೆ. ಹೆಂಡತಿ ದೇಯಿ ಕೇಳುವುದು, "ನೀವು ಊಟ ಮಾಡುವುದಾ, ಹಂಪನಕಟ್ಟೆಗೆ ಹೋಗುವುದಾ? ಒಂದು ಹೇಳಿ ಮಾರಾಯ್ರೆ."

ಪಕ್ಕದ ಮನೆ ಆನ್ಸಿ ಟೀಚರದ್ದು. ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ರಿಟೈರ್ ಆದವರು. ಅವರ ಶೆಡ್ಡಿನಲ್ಲಿ ಅಪ್ಪನ ಕಾಲದ ಒಂದು ಮಗ್ಗ ಇತ್ತು, ಹಳೆಯ ನೂಲು ಇನ್ನೂ ಅದರಲ್ಲೇ. ಶೆಡ್ಡು ಸೋರುತ್ತದೆ, ಸ್ವಲ್ಪ ಹೊರಗೆ ತೆಗೆದು ಕೊಡಿ ಅಂತ ಕರೆದರು. ಪೂವಪ್ಪ ಹೋದ. ಜತೆಗೆ ನಿಯಾಝ್ ಬಂದ. ನಿಯಾಝ್ ಅಂದರೆ ಪೂವಪ್ಪ ಓಡಿಸುತ್ತಿದ್ದ ಬಸ್ಸನ್ನು ಈಗ ಓಡಿಸುವವ.

ಮಗ್ಗ ಹೊರಗೆ ಬಂತು. ಗಟ್ಟಿ ಉಂಟಾ ನೋಡುವ ಅಂತ ಪೂವಪ್ಪ ಅದರ ಹಲಗೆಯ ಮೇಲೆ ಕೂತ. ಕಾಲ ಕೆಳಗೆ ಎರಡು ಪೆಡಲ್. ಎಡದ್ದು ಒತ್ತಿದ, ಅರ್ಧ ನೂಲು ಮೇಲೆ ಬಂತು. ಬಲದ್ದು ಒತ್ತಿದ, ಉಳಿದರ್ಧ ಮೇಲೆ ಬಂತು. ಪೂವಪ್ಪನಿಗೆ ಮೈಯೆಲ್ಲ ಜುಂ ಅಂತು.

"ಟೀಚರೇ, ಇದಕ್ಕೆ ಕ್ಲಚ್ ಉಂಟು!"

"ಉಂಟು. ಹಾರ್ನ್ ಇಲ್ಲ, ಅದೊಂದು ಪುಣ್ಯ," ಅಂದರು ಟೀಚರ್.

ಆ ದಿನದಿಂದ ಪೂವಪ್ಪ ಬೇರೆಯೇ ಮನುಷ್ಯ ಆದ. ಬೆಳಿಗ್ಗೆ ಎದ್ದರೆ ಟೀಚರ ಜಗಲಿ. ತಕಲಿಯಲ್ಲಿ ನೂಲು ತೆಗೆಯುವುದು ಕಲಿತ. ಮೊದಲಿನ ನೂಲು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ಆದರೂ ಅದನ್ನು ಕಿಸೆಯಲ್ಲಿಟ್ಟು ಊರಿಡೀ ತೋರಿಸಿದ. ಎರಡು ಕಡ್ಡಿ ಹಿಡಿದು ಹೆಣೆಯುವುದು ಕಲಿತ. ಮಂಗಳೂರಿನ ಸೆಕೆಗೆ ಸ್ವೆಟರ್ ಹಾಕುವವರು ಯಾರು? ಅವ ಬಸ್ಸಿನ ಗೇರಿನ ತಲೆಗೆ ಒಂದು ಟೊಪ್ಪಿ ಹೆಣೆದ. ಹಳದಿ ಟೊಪ್ಪಿ, ತುದಿಯಲ್ಲಿ ನೀಲಿ ಗೊಂಡೆ. ನಿಯಾಝ್ ಅದನ್ನು ಗೇರಿಗೆ ಹಾಕಿಯೇ ಬಿಟ್ಟ. "ಪೂವಪ್ಪಣ್ಣ, ಪ್ಯಾಸೆಂಜರ್ ಎಲ್ಲ ರೋಡ್ ಬಿಟ್ಟು ಗೇರ್ ನೋಡ್ತಾರೆ," ಅಂದ.

ಹುಚ್ಚು ನಿಜವಾಗಿ ಹಿಡಿದದ್ದು ಬಣ್ಣದಲ್ಲಿ. ಹೋಟೆಲಿನಿಂದ ಗೋಣಿಗಟ್ಟಲೆ ನೀರುಳ್ಳಿ ಸಿಪ್ಪೆ ತಂದ. ದಾಳಿಂಬೆ ಸಿಪ್ಪೆ ತಂದ. ಅಂಗಳದಲ್ಲಿ ಮೂರು ಕಲ್ಲಿಟ್ಟು ಕುದಿಸಿದ. ಬಿಳಿ ನೂಲಿನ ಲಡಿ ಒಳಗೆ ಹೋಗುವುದು, ಚಿನ್ನದ ಹಾಗೆ ಹೊರಗೆ ಬರುವುದು! ಪ್ರತಿ ಸಲವೂ ಪೂವಪ್ಪ "ಅಯ್ಯಬ್ಬಾ" ಅನ್ನುವುದು. ಬಟ್ಟೆ ಒಣಗಿಸುವ ಹಗ್ಗದಲ್ಲಿ ದೇಯಿಯ ಸೀರೆಗೆ ಜಾಗ ಇಲ್ಲ. ಅವನ ಕೈ ಮೊಣಕೈಯವರೆಗೆ ಹಳದಿ.

ಕಡೆಗೆ ಟೀಚರ್ ಮಗ್ಗವನ್ನೇ ಕೊಟ್ಟುಬಿಟ್ಟರು. ಅದು ಬಂದು ಪೂವಪ್ಪನ ಚಾವಡಿಯಲ್ಲಿ ಕೂತಿತು. ಚಾವಡಿ ಪೂರಾ ಮಗ್ಗ, ಸೋಫಾ ಗೋಡೆಗೆ ಒತ್ತಿಕೊಂಡಿತು.

ದೇಯಿ ಸೊಂಟಕ್ಕೆ ಕೈಯಿಟ್ಟಳು. "ಮೂರು ತಿಂಗಳಲ್ಲಿ ಮಗಳು ಅಕ್ಷಿತಾಳ ನಿಶ್ಚಿತಾರ್ಥ. ಮನೆಯಲ್ಲೇ ಮಾಡುವುದು ಅಂತ ಹೇಳಿದ್ದು ನೀವೇ. ಗಂಡಿನ ಕಡೆಯವರು ಇಪ್ಪತ್ತೈದು ಜನ. ಎಲ್ಲಿ ಕೂರಿಸುವುದು, ಇದರ ಮೇಲಾ?"

"ಎಂತಾದ್ರೂ ಮಾಡುವ," ಅಂದ ಪೂವಪ್ಪ.

"ನಾನು ಹೇಳ್ತೇನೆ ಎಂತ ಮಾಡುವುದು ಅಂತ. ನಾನು ಉಟ್ಟುಕೊಂಡು ಹಂಪನಕಟ್ಟೆಗೆ ಹೋಗುವಂಥ ಒಂದು ಸೀರೆ ಇದರಲ್ಲಿ ನೇಯಿರಿ. ನಾನು ಉಟ್ಟರೆ ಮಗ್ಗ ಇರಲಿ. ಉಡದಿದ್ದರೆ ನಿಶ್ಚಿತಾರ್ಥದ ಮುಂಚಿನ ದಿನ ಇದು ಗುಜರಿಗೆ."

ಗುಜರಿಗೆ ಅಂದದ್ದು ಕೇಳಿ ಪೂವಪ್ಪನ ಬಲಗಾಲು ಬ್ರೇಕ್ ಒತ್ತಿತು. ಆದರೂ ತಲೆ ಆಡಿಸಿದ.

ಸೀರೆ ಹೇಗಿರಬೇಕು ಅಂತ ಅವನಿಗೆ ಗೊತ್ತಿತ್ತು. ಮೈ ಮಲ್ಲಿಗೆ ಬಿಳಿ. ಅಂಚು ನೀರುಳ್ಳಿ ಸಿಪ್ಪೆಯ ಚಿನ್ನ. ಸೆರಗಿನಲ್ಲಿ ನೀಲಿ. ನೂಲು ತುಂಡಾಗದ ಹಾಗೆ ಮೊದಲು ಗಂಜಿ ಕುಡಿಸಬೇಕು ಅಂತ ಟೀಚರ್ ಹೇಳಿದ್ದರು. ಮನೆಯಲ್ಲಿ ದಿನಾ ಗಂಜಿ ಉಂಟಲ್ಲ! ಪೂವಪ್ಪ ದೊಡ್ಡ ಪಾತ್ರೆಯ ಗಂಜಿತಿಳಿ ಬಸಿದು ಬಿಳಿ ಲಡಿಗಳನ್ನೆಲ್ಲ ಮುಳುಗಿಸಿದ. ಒಂದು ಹೊತ್ತು ಬಿಟ್ಟು ತೆಗೆದ.

ಬಿಳಿ ಇಲ್ಲ. ಹಾಲು ಜಾಸ್ತಿಯಾದ ಚಾದ ಬಣ್ಣ.

ಆನ್ಸಿ ಟೀಚರ್ ಓಡಿ ಬಂದರು. "ಯಾವ ಅಕ್ಕಿ ಪೂವಪ್ಪ?"

"ನಮ್ಮ ಅಕ್ಕಿಯೇ. ಕುಚ್ಚಲಕ್ಕಿ."

"ಅದು ಕೆಂಪಲ್ಲವಾ! ನೂಲಿಗೆ ಬಿಳಿ, ಬೆಳ್ತಿಗೆ ಅಕ್ಕಿಯ ಗಂಜಿ ಹಾಕುವುದು ಮಾರಾಯ!"

ದೇಯಿ ಒಳಗಿನಿಂದ ಬಂದು ನೋಡಿದಳು. ನಕ್ಕಳು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಗಂಜಿ ಸೀರೆ! ಉಪ್ಪಿನಕಾಯಿ ಎಲ್ಲಿ ಇಡುವುದು, ಸೆರಗಿನಲ್ಲಾ?"

ಪೂವಪ್ಪ ಎರಡು ದಿನ ಮಗ್ಗದ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಆ ಲಡಿಯನ್ನು ನೀರುಳ್ಳಿ ಸಿಪ್ಪೆಯ ಚಿನ್ನದ ಪಕ್ಕ ಹಿಡಿದು ನೋಡಿದ. ಮತ್ತೆ ನೋಡಿದ. ಬಿಸಿಲಿಗೆ ಹಿಡಿದ. "ಅಯ್ಯಬ್ಬಾ," ಅಂದ. ಇದೇ ಇರಲಿ ಅಂತ ತೀರ್ಮಾನ ಮಾಡಿದ.

ಟೀಚರ್ ತಮಗೆ ಗೊತ್ತಿದ್ದ ಹಳೆಯ ನೇಕಾರರೊಬ್ಬರಿಂದ ಉದ್ದದ ನೂಲನ್ನು ಮಗ್ಗಕ್ಕೆ ಹಾಕಿಸಿ ಕೊಟ್ಟರು. ಪೂವಪ್ಪ ಶುರು ಮಾಡಿದ. ಲಾಳಿ ಆಚೆ ಹೋಯಿತು, ಈಚೆ ಬಂತು. ಕಟಕ್, ಕಟಕ್. ಕಾಲಿಗೆ ಹೇಳಿಕೊಡುವುದೇ ಬೇಡ. ಬೆರಳಿನದ್ದೇ ತೊಂದರೆ. ನೂಲು ತುಂಡಾದರೆ ಅವನ ದಪ್ಪ ಬೆರಳಿಗೆ ಗಂಟು ಹಾಕಲು ಬರುವುದಿಲ್ಲ. ಒಂದು ಗಂಟಿಗೆ ಅರ್ಧ ಗಂಟೆ.

ದೇಯಿ ಪಕ್ಕದಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ದಿನಕ್ಕೆ ಎಂಟುನೂರು ಬೀಡಿಗೆ ನೂಲು ಸುತ್ತುವ ಕೈ ಅದು. ಎರಡು ದಿನ ನೋಡಿದಳು. ಮೂರನೆಯ ದಿನ ಬೀಡಿಯ ಮೊರ ಬದಿಗಿಟ್ಟು ಬಂದು, ಟಕ್ ಟಕ್ ಅಂತ ಆರು ಗಂಟು ಹಾಕಿ ಹೋದಳು.

"ಸಹಾಯ ಅಂತ ತಿಳ್ಕೊಬೇಡಿ," ಅಂದಳು. "ತುಂಡಾದ ನೂಲು ನೋಡಿದರೆ ನನಗೆ ಆಗುವುದಿಲ್ಲ, ಅಷ್ಟೆ."

"ನಾನು ಎಂತ ಹೇಳಿದೆ?"

"ಹಲ್ಲು ಕಾಣ್ತಾ ಉಂಟಲ್ಲ."

ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಪೂವಪ್ಪ ಅದನ್ನು ಮಡಿಸಿ ದೇಯಿಯ ಕೈಗೆ ಕೊಟ್ಟ. ಅವಳು ಅಂಚು ಎಳೆದು ನೋಡಿದಳು. ಮೂಸಿ ನೋಡಿದಳು. ಸೀದಾ ಬಾವಿಕಟ್ಟೆಗೆ ಹೋಗಿ ಬಕೆಟಿನ ನೀರಿಗೆ ಹಾಕಿದಳು.

"ಏ, ಏ!" ಅಂತ ಪೂವಪ್ಪ ಕೂಗಿದ.

"ನೀರಿಗೆ ಹಾಕಿದ ಮೇಲೆ ಉಳಿದದ್ದೇ ಬಣ್ಣ," ಅಂದಳು ದೇಯಿ.

ಬಕೆಟಿನ ನೀರು ಕೆಂಪಗೆ ಮಬ್ಬಾಯಿತು. ಗಂಜಿ ಎಲ್ಲ ಬಿಟ್ಟುಕೊಂಡಿತು. ಪೂವಪ್ಪನಿಗೆ ನೋಡಲಿಕ್ಕಾಗಲಿಲ್ಲ, ಗೋಡೆ ಕಡೆ ತಿರುಗಿ ನಿಂತ. ಸ್ವಲ್ಪ ಹೊತ್ತಿಗೆ ಬಟ್ಟೆ ಕೊಡವಿದ ಸದ್ದು ಕೇಳಿ ತಿರುಗಿದ. ಸೀರೆ ಹಗ್ಗದಲ್ಲಿತ್ತು. ಹತ್ತಿ ಮೆತ್ತಗಾಗಿ ಗಾಳಿಗೆ ಏಳುತ್ತಿತ್ತು. ಚಾದ ಬಣ್ಣ ಹೋಗಿ, ಬೆಳಗಿನ ಹೊತ್ತು ಸಮುದ್ರದ ಮೇಲೆ ಒಂದು ಗಳಿಗೆ ಇದ್ದು ಹೋಗುವ ತೆಳು ಕೆಂಪು ಮಾತ್ರ ಉಳಿದಿತ್ತು. ಅಂಚು ಚಿನ್ನ. ದೇಯಿ ಒದ್ದೆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ನಿಂತಿದ್ದಳು.

"ಹೇಗುಂಟು?" ಅಂತ ಕೇಳಿದ.

"ಒಣಗಲಿ," ಅಂದಳು.

ಮರುದಿನ ಬೆಳಿಗ್ಗೆ ಪೂವಪ್ಪ ಚಾ ಕುಡಿದು ಬರುವಾಗ ಮನೆಗೆ ಬೀಗ. ದೇಯಿ ಇಲ್ಲ. ಹಗ್ಗದಲ್ಲಿ ಸೀರೆಯೂ ಇಲ್ಲ. ಅವ ಮೆಟ್ಟಿಲ ಮೇಲೆ ಕೂತ. ಎಡಗಾಲು ನೆಲ ಒತ್ತಿತು.

ಹನ್ನೊಂದು ಗಂಟೆಗೆ ದೇಯಿ ಬಂದಳು. ಉಟ್ಟಿದ್ದಳು. ಹಿಂದೆಯೇ ಟ್ರಿಪ್ ಮುಗಿಸಿ ನಿಯಾಝ್ ಬಂದ, ತಮ್ಮನ ಪಿಕಪ್ಪಿನಲ್ಲಿ. ಅವನಿಗೆ ನಗು ತಡೆಯುತ್ತಿರಲಿಲ್ಲ.

"ಪೂವಪ್ಪಣ್ಣ, ನಿಮ್ಮ ಯಜಮಾನ್ತಿ ನನ್ನ ಬಸ್ಸಲ್ಲಿ ಹಂಪನಕಟ್ಟೆಗೆ ಹೋಗಿ ಅದೇ ಬಸ್ಸಲ್ಲಿ ವಾಪಸ್! ಇಳಿಯಲೇ ಇಲ್ಲ! ಬಸ್ಸಿನ ಹೆಂಗಸರೆಲ್ಲ ಸೀರೆ ಮುಟ್ಟಿ ಮುಟ್ಟಿ ನೋಡುವುದು. ಯಾವ ಅಂಗಡಿ ಅಂತ ಕೇಳಿದ್ರೆ, ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಎಂತ ಗತ್ತು!"

"ನೀನು ಬಾಯಿ ಮುಚ್ಚು," ಅಂದಳು ದೇಯಿ. "ಬಂದ ಕೆಲಸ ಮಾಡು."

ಪೂವಪ್ಪ ಪಿಕಪ್ ನೋಡಿದ. ಬಾಗಿಲಿಗೆ ಅಡ್ಡ ನಿಂತ. "ಎಂತ ಕೆಲಸ? ಉಟ್ಟಿದ್ದೀ ಅಲ್ಲ! ಮಗ್ಗ ಯಾಕೆ..."

"ಮಗ್ಗ ಅಂತ ಯಾರು ಹೇಳಿದ್ದು? ಆ ಸೋಫಾ ಎತ್ತಿ. ನಿಶ್ಚಿತಾರ್ಥ ಮುಗಿಯುವವರೆಗೆ ನಿಯಾಝನ ಮನೆಯಲ್ಲಿರಲಿ. ಗಂಡಿನ ಕಡೆಯವರು ಚಾಪೆಯಲ್ಲಿ ಕೂತು ಮಗ್ಗ ನೋಡಲಿ. ಹುಡುಗಿಯ ಅಪ್ಪ ಎಂಥ ಜನ ಅಂತ ಗೊತ್ತಾಗಬೇಡ್ವಾ?"

ದೇಯಿ ಬೀಗ ತೆಗೆದದ್ದೇ ಪೂವಪ್ಪ ಒಳಗೆ ನುಗ್ಗಿದ. ಸೋಫಾದ ಒಂದು ಕೊನೆ ಹಿಡಿದು ಎತ್ತಿದ, ಎತ್ತಿದವ ಓಡಿಯೇಬಿಟ್ಟ. ಮೆಟ್ಟಿಲು ಇಳಿದ, ಅಂಗಳ ದಾಟಿದ. ಇನ್ನೊಂದು ಕೊನೆಯಲ್ಲಿ ನಿಯಾಝ್ ನೇತಾಡುತ್ತಾ ಬೊಬ್ಬೆ ಹೊಡೆಯುತ್ತಿದ್ದ, "ಮೆಲ್ಲ, ಪೂವಪ್ಪಣ್ಣ, ಮೆಲ್ಲ! ಮುಂದೆ ಟೀಚರ ಕಂಪೌಂಡು!"