ಕೆಂಪಸಿದ್ದಯ್ಯ ಹಡಗು ಹತ್ತಿದ್ದು

ಮದ್ದೂರು–ಮಳವಳ್ಳಿ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದ ಕೆಂಪಸಿದ್ದಯ್ಯನಿಗೆ, ಕೈ ಅಡ್ಡ ಹಿಡಿದವರನ್ನು ಬಿಟ್ಟು ಹೋಗುವುದು ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ಮಾಲೀಕರು ಎಷ್ಟೋ ಸಲ ಗದರಿದ್ದರು. ಕಬ್ಬಿನ ಗದ್ದೆಯ ಬದುವಿನಿಂದ ಯಾವಳೋ ಹೆಂಗಸು ಗಂಟು ಹೊತ್ತು ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹಬ್ಬಹರಿದಿನಗಳಲ್ಲಿ ಜನ ಜಾಸ್ತಿ, ಹಾಗಾಗಿ ರಜೆ ಇಲ್ಲ. ಹೆಂಡತಿ ಪಟ್ಟಲಮ್ಮನನ್ನು ಕರೆದುಕೊಂಡು ಅವನು ಎಲ್ಲಿಗೂ ಹೋದವನಲ್ಲ. ಅವಳು ಓಡಾಡಿದ್ದೆಲ್ಲ ಅವನ ಬಸ್ಸಿನಲ್ಲೇ. ಭಾರತೀನಗರದ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸಿ, ಪಾತ್ರೆ ತೊಳೆದಿಟ್ಟು, ಸಂಜೆ ಗಂಡನ ಬಸ್ಸು ಹತ್ತಿ ನಾಲೆ ಸೇತುವೆಯ ಹತ್ತಿರ ಇಳಿಯುತ್ತಿದ್ದಳು. ಊರ ಸ್ಕೂಲು ಬಿಟ್ಟ ಮಗಳು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತಾಳೆಂದು, ಸೇತುವೆ ಬರುವ ಮೊದಲೇ ಬುಟ್ಟಿ ಎತ್ತಿಕೊಂಡು ಅವನ ಸೀಟಿನ ಹಿಂದೆ ಬಂದು ನಿಲ್ಲುತ್ತಿದ್ದಳು.

ಕೆಂಪಸಿದ್ದಯ್ಯ ಬಸ್ಸಿನ ಕೆಲಸ ಬಿಟ್ಟ ಮೇಲೆ ಅವಳ ಮರೆವು ಶುರುವಾಯಿತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಆಮೇಲೆ ಪಕ್ಕದ ಮನೆಯವರ ಹೆಸರು ಹೋಯಿತು. ಒಂದು ದಿನ ತನ್ನದೇ ಸೀರೆಯನ್ನು ಇದು ಯಾರದು ಎಂದು ಕೇಳಿದಳು. ಮಂಡ್ಯದ ಡಾಕ್ಟರು, ಇದು ವಾಸಿಯಾಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ದಿನ ತಡೆಯಬಹುದು ಅಷ್ಟೇ ಅಂದರು. ಮಂಡ್ಯದಲ್ಲೇ ಬ್ಯಾಂಕಿನ ಕೆಲಸದಲ್ಲಿದ್ದ ಮಗಳು ಪ್ರಿಯಾಂಕ ಅದನ್ನು ಕೇಳಿದ ಮೂರನೆಯ ದಿನ ಚೆನ್ನೈಯಿಂದ ಹೊರಡುವ ಪ್ರವಾಸಿ ಹಡಗಿಗೆ ಟಿಕೆಟ್ ಮಾಡಿಸಿಬಿಟ್ಟಳು. ಒಂದು ಸಂಜೆ ಹೊರಟು, ಮಾರನೇ ದಿನವೆಲ್ಲ ಸಮುದ್ರದ ಮೇಲಿದ್ದು, ಅದರ ಮಾರನೇ ಬೆಳಿಗ್ಗೆ ಅದೇ ಬಂದರಿಗೆ ವಾಪಸ್ಸು. ಅವ್ವ ಸಮುದ್ರವನ್ನೇ ನೋಡಿಲ್ಲ, ನಮ್ಮ ಗುರುತು ಇರುವಾಗಲೇ ತೋರಿಸಬೇಕು ಎಂದು ಅವಳ ಹಟ. ಹೊಸ ಜಾಗಕ್ಕೆ ಹೋದರೆ ಪಟ್ಟಲಮ್ಮ ಗಾಬರಿಯಾಗುವುದನ್ನು ಮದುವೆಮನೆಗಳಲ್ಲಿ ಕಂಡಿದ್ದ ಕೆಂಪಸಿದ್ದಯ್ಯ ಬೇಡವೆನ್ನಲು ಹೊರಟವನು, ಮಗಳ ಮುಖ ನೋಡಿ ಒಪ್ಪಿಕೊಂಡ.

ಹಡಗು ಹೊರಟ ಮಾರನೇ ಬೆಳಿಗ್ಗೆ ಎಲ್ಲವೂ ಮಗಳು ಹೇಳಿದ ಹಾಗೇ ಇತ್ತು. ಹಡಗಿನ ಮೇಲಂತಸ್ತಿನಲ್ಲಿ ಉದ್ದನೆಯ ಒರಗು ಕುರ್ಚಿಗಳು, ನಡುವೆ ಈಜುವ ಕೊಳ, ಬೇಕಾದಷ್ಟು ತಿಂಡಿ. ಕೆಂಪಸಿದ್ದಯ್ಯ ಕಾಲು ಚಾಚಿ ಒರಗಿಕೊಂಡ. ಇಷ್ಟು ದೊಡ್ಡ ಗಾಡಿ ಮುಂದಕ್ಕೆ ಹೋಗುತ್ತಿದೆ, ತನ್ನ ಕೈಯಲ್ಲಿ ಸ್ಟಿಯರಿಂಗ್ ಇಲ್ಲ, ಎದುರಿಗೆ ಲಾರಿ ಬರುವುದಿಲ್ಲ, ಹಳ್ಳ ತಪ್ಪಿಸಬೇಕಾಗಿಲ್ಲ. ಜೀವಮಾನದಲ್ಲಿ ಇಂಥ ಸುಖ ಉಂಡಿರಲಿಲ್ಲ ಅನ್ನಿಸಿತು. ಪಕ್ಕದಲ್ಲಿ ಪಟ್ಟಲಮ್ಮ ಕಂಬಿಗಳ ಸಂದಿಯಿಂದ ಕಣ್ಣು ಕೀಳದೆ ನೋಡುತ್ತಿದ್ದಳು.

ಇದು ಯಾವ ನಾಲೆ ಅಂತ ಕೇಳಿದಳು. ನಾಲೆಯಲ್ಲ, ಸಮುದ್ರ ಅಂದ. ಇಷ್ಟು ನೀರಿದ್ದರೆ ಎರಡು ಬೆಳೆ ತೆಗೆಯಬಹುದಲ್ಲ ಅಂದಳು. ಉಪ್ಪುನೀರು, ಗದ್ದೆಗೆ ಆಗುವುದಿಲ್ಲ ಅಂದದ್ದಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಅವನು ತಮಾಷೆ ಮಾಡುತ್ತಿದ್ದಾನೆ ಎಂಬ ಹಾಗೆ. ಆ ನಗು ಅವನು ವರ್ಷದಿಂದ ಕೇಳಿರಲಿಲ್ಲ. ಪ್ರಿಯಾಂಕ ಅಪ್ಪನ ಕಡೆ ತಿರುಗಿ, ನಾನು ಹೇಳಲಿಲ್ಲವಾ ಎಂಬಂತೆ ನೋಡಿದಳು. ಮೂವರೂ ಎಳನೀರು ಕುಡಿದರು. ಸಾಯಂಕಾಲ ಹಡಗಿನಲ್ಲಿ ಯಾವುದೋ ಕುಣಿತವಿದೆ, ನೋಡೋಣ ಎಂದು ಮಾತಾಡಿಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ಪಟ್ಟಲಮ್ಮ ಕುರ್ಚಿಯಲ್ಲೇ ನಿದ್ದೆ ಹೋದಳು. ಎದ್ದಾಗ ಬಿಸಿಲು ಇಳಿದಿತ್ತು. ಸುತ್ತ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಮಗಳ ಕೈಚೀಲವನ್ನು ತನ್ನದೆಂಬಂತೆ ಮಡಿಲಿಗೆ ಎಳೆದುಕೊಂಡಳು.

"ಬಸ್ಸು ದೊಡ್ಡಿ ಬಿಡ್ತಾ?" ಅಂದಳು.

ಅವಳು ಯಾವ ದೊಡ್ಡಿಯನ್ನು ಕೇಳುತ್ತಿದ್ದಾಳೆಂದು ಕೆಂಪಸಿದ್ದಯ್ಯನಿಗೆ ತಕ್ಷಣ ತಿಳಿಯಿತು. ಭಾರತೀನಗರಕ್ಕೆ ಅವರ ಕಡೆ ಎಲ್ಲರೂ ದೊಡ್ಡಿ ಎಂದೇ ಅನ್ನುವುದು. ಇನ್ನೂ ಇಲ್ಲ, ಕೂತುಕೋ ಅಂದ. ಆ ಮಾತಿನಿಂದ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಅವಳು ಎದ್ದು ನಿಂತಳು. ಸೇತುವೆ ಹಿಂದಕ್ಕೆ ಹೋಯಿತು, ಮಗು ಬಾಗಿಲಲ್ಲಿ ಕೂತಿದೆ, ಬಸ್ಸು ನಿಲ್ಲಿಸಬೇಕು ಅಂದಳು. ಪ್ರಿಯಾಂಕ ಅವಳ ಎರಡೂ ಕೈ ಹಿಡಿದುಕೊಂಡು, ಇದು ಬಸ್ಸಲ್ಲ ಅವ್ವ, ಹಡಗು, ಬೆಳಿಗ್ಗೆ ನೀನೇ ನೋಡಿ ನಗಲಿಲ್ಲವಾ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಹೇಳಿದಷ್ಟೂ ಪಟ್ಟಲಮ್ಮನ ಉಸಿರು ಜೋರಾಯಿತು. ಕೊನೆಗೆ ಪ್ರಿಯಾಂಕ ತಡೆಯಲಾರದೆ, "ಅವ್ವ, ಆ ಮಗು ನಾನೇ ಕಣವ್ವ. ನೋಡಿಲ್ಲಿ, ನಿನ್ ಮುಂದೇನೇ ಇವ್ನಿ," ಅಂದಳು.

ಪಟ್ಟಲಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. ಅವಳ ದನಿ ಮೆತ್ತಗಾಯಿತು.

"ನೀನು ಯಾರ ಮನೆ ಮಗಳೋ, ಒಳ್ಳೇವ್ಳಿದ್ದೀಯ. ನನ್ ಮಗು ಇನ್ನೂ ಸಣ್ದು ಕಣವ್ವ. ಅದ್ಕೆ ಬೀಗ ತೆಗ್ಯಕ್ ಬರಲ್ಲ."

ಪ್ರಿಯಾಂಕ ಕೈ ಬಿಟ್ಟಳು. ಆ ಗಳಿಗೆಯಲ್ಲೇ ಪಟ್ಟಲಮ್ಮ ಕಂಬಿಯ ಕಡೆ ನಡೆದದ್ದು. ಅವಳಿಗೆ ಅಲ್ಲಿ ಏನು ಕಂಡಿತೋ, ಬಸ್ಸಿನ ಮೆಟ್ಟಿಲು ಇಳಿಯುವವಳ ಹಾಗೆ ಸೀರೆಯ ನೆರಿಗೆ ಎತ್ತಿ ಕೆಳಗಿನ ಕಂಬಿಯ ಮೇಲೆ ಕಾಲಿಟ್ಟಳು. ಕೆಂಪಸಿದ್ದಯ್ಯ ಹಾರಿ ಹೋಗಿ ಸೊಂಟಕ್ಕೆ ತೋಳು ಹಾಕಿ ಎಳೆದುಕೊಂಡ. ಇಬ್ಬರೂ ಹಲಗೆ ನೆಲದ ಮೇಲೆ ಬಿದ್ದರು. ಕೊಳದ ಹತ್ತಿರದ ಹಾಡು ನಡೆಯುತ್ತಲೇ ಇತ್ತು. ಬಿಳಿ ಬಟ್ಟೆಯ ಹಡಗಿನ ಕೆಲಸಗಾರರು ಓಡಿ ಬಂದರು. ಬೈಯಲಿಲ್ಲ, ಮರ್ಯಾದೆಯಾಗಿಯೇ, ಅಮ್ಮನನ್ನು ರೂಮಿನೊಳಗೆ ಇಟ್ಟುಕೊಳ್ಳಿ ಅಂದರು.

ಅವರ ರೂಮಿಗೆ ಕಿಟಕಿ ಇರಲಿಲ್ಲ. ಒಳಗೆ ಹೋದೊಡನೆ ಪಟ್ಟಲಮ್ಮ ಕತ್ತಲಾಯಿತೆಂದು ಅಳತೊಡಗಿದಳು. ಬಾಗಿಲು ತಟ್ಟಿದಳು, ಹಿಡಿಯನ್ನು ಜಗ್ಗಿದಳು. ಹಡಗಿನ ಡಾಕ್ಟರಮ್ಮ ಬಂದು, ನಿದ್ದೆ ಬರುವ ಇಂಜೆಕ್ಷನ್ ಕೊಡುತ್ತೇನೆ ಅಂದರು. ಅವಳನ್ನು ನಾಲ್ಕು ಜನ ಒತ್ತಿ ಹಿಡಿಯಬೇಕಾಗುತ್ತದೆ ಎಂದು ಕೆಂಪಸಿದ್ದಯ್ಯನಿಗೆ ಗೊತ್ತಿತ್ತು, ಬೇಡವೆಂದ. ಮಗಳನ್ನು ಕಾವಲಿಗೆ ಬಿಟ್ಟು ತಾನೇ ಕೆಳಗಿನ ಕೌಂಟರಿಗೆ ಹೋದ. ಅಲ್ಲಿದ್ದವನು ತಮಿಳಿನವನು. ಹಿಂದೊಮ್ಮೆ ಕೊಳ್ಳೇಗಾಲದ ಕಡೆ ಬಸ್ಸು ಓಡಿಸುವಾಗ ಕಲಿತ ಹರಕುಮುರುಕು ತಮಿಳಿನಲ್ಲಿ ಕೆಂಪಸಿದ್ದಯ್ಯ, ಹಡಗನ್ನು ಸ್ವಲ್ಪ ಬೇಗ ತಿರುಗಿಸಲು ಆಗುತ್ತದಾ, ಹೆಂಡತಿಗೆ ಮೈ ಸರಿಯಿಲ್ಲ ಎಂದು ಕೇಳಿದ. ಕೇಳುವಾಗಲೇ ಅವನಿಗೆ ನಾಚಿಕೆಯಾಯಿತು. ಸಾವಿರಾರು ಜನರಿರುವ ಗಾಡಿ. ಆ ಹುಡುಗ, ಬೆಳಿಗ್ಗೆ ಬಂದರು ಬರುತ್ತದೆ ಅಯ್ಯಾ, ನಡುವೆ ಇಳಿಯಲು ನೆಲವೇ ಇಲ್ಲ ಅಂದ. ಅದರಲ್ಲಿ ತಪ್ಪು ಹುಡುಕಲು ಕೆಂಪಸಿದ್ದಯ್ಯನಿಗೆ ಏನೂ ಸಿಗಲಿಲ್ಲ. ಕೌಂಟರಿನ ಕಲ್ಲಿನ ಮೇಲಿಂದ ಕೈ ತೆಗೆದು ಪಕ್ಕಕ್ಕೆ ಸರಿದ. ಹಿಂದೆ ನಿಂತವರು ಕುಣಿತಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳಲು ಕಾಯುತ್ತಿದ್ದರು.

ರೂಮಿಗೆ ಬಂದರೆ ಪ್ರಿಯಾಂಕ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಅವಳ ಮುಂಗೈ ಮೇಲೆ ಉಗುರಿನ ಗೀರು. ಪಟ್ಟಲಮ್ಮ ಮಂಚದ ಅಂಚಿನಲ್ಲಿ, ಚೀಲ ಮಡಿಲಲ್ಲಿಟ್ಟುಕೊಂಡು ದಣಿದು ಕೂತಿದ್ದಳು. ಕೆಂಪಸಿದ್ದಯ್ಯ ಅವಳ ಪಕ್ಕ ಕೂತ. ಏನು ಮಾಡಬೇಕೆಂದು ತೋಚದೆ, ಬಾಯಿಗೆ ಬಂದದ್ದನ್ನು ಹೇಳತೊಡಗಿದ. ಈಗ ಮದ್ದೂರು ಪೇಟೆ ಬಿಟ್ಟೆವು. ಈಗ ಮರದ ಕೆಳಗಿನ ಸ್ಟಾಪು, ಮೂರು ಜನ ಇಳಿದರು. ಈಗ ಹಾಲಿನ ಡೇರಿ. ಈಗ ಸಕ್ಕರೆ ಕಾರ್ಖಾನೆ ಗೇಟು, ಕಬ್ಬಿನ ಗಾಡಿಗಳು ಅಡ್ಡ ನಿಂತಿವೆ, ಸ್ವಲ್ಪ ತಡ. ಪಟ್ಟಲಮ್ಮ ತಲೆಯಾಡಿಸುತ್ತ ಕೇಳಿದಳು. ಆದರೆ ಆ ದಾರಿ ಎಷ್ಟು ಉದ್ದ ಎಳೆದರೂ ನಾಲೆ ಸೇತುವೆಗೆ ಬಂದೇ ಬರುತ್ತಿತ್ತು. ಸೇತುವೆ ಹತ್ತಿರವಾದಾಗಲೆಲ್ಲ ಅವನು ಇನ್ನೊಂದು ಗಾಡಿ ಅಡ್ಡ ನಿಲ್ಲಿಸುತ್ತಿದ್ದ, ಇಲ್ಲದಿದ್ದರೆ ಟಯರು ಪಂಚರ್ ಮಾಡಿಸುತ್ತಿದ್ದ. ಅದಕ್ಕೂ ಒಂದು ಮಿತಿಯಿತ್ತು.

ಬಹಳ ಹೊತ್ತಿನ ಮೇಲೆ ಅವಳು ಅವನ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವಳ ಹಾಗೆ ಅಂದಳು:

"ಈ ಡ್ರೈವರು ನಿಲ್ಸಲ್ಲ ಕಣಣ್ಣ. ನಮ್ ಯಜಮಾನ್ರಾಗಿದ್ರೆ ನಿಲ್ಸೋರು."

ಪ್ರಿಯಾಂಕ ಅಪ್ಪನ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

"ಊ ಕಣಮ್ಮ," ಅಂದ ಕೆಂಪಸಿದ್ದಯ್ಯ. "ಅವ್ರಾಗಿದ್ರೆ ನಿಲ್ಸೋರು."

ಆ ಮಾತು ಅವಳಿಗೆ ಸಮಾಧಾನ ತಂದಿತೋ, ಅಥವಾ ಮೈಯಲ್ಲಿ ಕಸುವೇ ಉಳಿದಿರಲಿಲ್ಲವೋ, ಪಟ್ಟಲಮ್ಮ ಅವನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಪರಗಂಡಸಿನ ಭುಜವೆಂದು ತಿಳಿದು ಒರಗಿದಳೋ ಹೇಗೋ ಅವನಿಗೆ ತಿಳಿಯಲಿಲ್ಲ. ಅವಳಿಗೆ ಎಚ್ಚರವಾದೀತೆಂದು ಬೆಳಗಾಗುವವರೆಗೂ ಅಲುಗಾಡಲಿಲ್ಲ.

ಚೆನ್ನೈಯಲ್ಲಿ ಇಳಿದರು, ರೈಲು ಹತ್ತಿದರು, ಮದ್ದೂರಿನಲ್ಲಿ ಆಟೋ ಹಿಡಿದರು. ಮನೆ ಬಾಗಿಲು ತೆಗೆದದ್ದೇ ಪಟ್ಟಲಮ್ಮ ನೇರ ಒಳಗೆ ಹೋಗಿ, ಅಡುಗೆಮನೆಯ ಬಿಂದಿಗೆ ಎತ್ತಿ ನೋಡಿ, ನೀರು ತಂದಿಟ್ಟಿಲ್ಲವಲ್ಲ ಎಂದು ಕೆಂಪಸಿದ್ದಯ್ಯನನ್ನೇ ಗದರಿಕೊಂಡಳು. ಸಮುದ್ರದ ಒಂದು ಹನಿಯೂ ಅವಳಲ್ಲಿ ಉಳಿದಿರಲಿಲ್ಲ.

ಪ್ರಿಯಾಂಕ ಮಂಡ್ಯಕ್ಕೆ ಹೊರಡಬೇಕಿತ್ತು, ಹೊರಡಲಿಲ್ಲ. ಜಗಲಿಯ ಮೇಲೆ ಕೂತು, "ನಾನು ಕರ್ಕೊಂಡ್ ಓಗಿದ್ದೇ ತಪ್ಪಾಯ್ತಾ ಅಪ್ಪ?" ಎಂದು ಕೇಳಿದಳು. ಒಳಗಿನಿಂದ ಪಟ್ಟಲಮ್ಮ, ಹೊರಗೆ ಕೂತಿರುವ ಆ ಹುಡುಗಿಗೆ ಕಾಫಿ ಕೊಡಲೇ ಎಂದು ಕೂಗಿ ಕೇಳಿದಳು. ಕೊಡು ಅಂದ ಕೆಂಪಸಿದ್ದಯ್ಯ. ಅವಳೊಬ್ಬಳೇ ಒಲೆ ಹಚ್ಚಿಯಾಳೆಂದು ಎದ್ದು ಒಳಗೆ ಹೋದ.